ಸ್ಕಾಟ್ಲೆಂಡಿನ ಉತ್ತರ ಕರಾವಳಿ: ಗಾಳಿ ನೋಡಿ ನೀರಿಗಿಳಿಯುವ ಪ್ರವಾಸ

ಸ್ಕಾಟ್ಲೆಂಡಿನ ಉತ್ತರದ ಅಂಚಿನಲ್ಲಿ ಕೇಪ್ ರಾತ್‌ನಿಂದ ಡಂಕನ್ಸ್‌ಬಿ ಹೆಡ್‌ವರೆಗೆ ಕಡಿದಾದ ಬಂಡೆಗಳ ನಡುನಡುವೆ ಬಿಳಿ ಮರಳಿನ ಕೊಲ್ಲಿಗಳಿವೆ. ಇನ್ವರ್‌ನೆಸ್‌ನಿಂದ ಹೊರಟು ಅಲ್ಲಿಗೇ ಮರಳುವ 516 ಮೈಲಿಯ ರಸ್ತೆ ಸುತ್ತಿಗೆ 2015ರಲ್ಲಿ ನಾರ್ತ್ ಕೋಸ್ಟ್ 500 ಎಂದು ಹೆಸರಿಟ್ಟ ಮೇಲೆ ಇಲ್ಲಿ ಕಾರುಗಳ ಸಾಲು ಬೆಳೆದಿದೆ. ಬಹುಪಾಲು ಜನ ಕಿಟಕಿಯಿಂದ ನೋಡಿ, ಎರಡು ಫೋಟೊ ತೆಗೆದು ಮುಂದೆ ಹೋಗುತ್ತಾರೆ. ಈ ಕಥನ ನೀರಿಗಿಳಿಯಬೇಕೆನ್ನುವವರಿಗೆ. ಅಂಥವರು ಊರುಗಳ ಪಟ್ಟಿ ಹಿಡಿದು ದಿನ ಹಂಚಿದರೆ ಅರ್ಧ ದಿನಗಳು ಹಾಳಾಗುತ್ತವೆ. ಯಾವ ಬೀಚ್ ಯಾವ ದಿಕ್ಕಿಗೆ ಮುಖ ಮಾಡಿದೆ, ಇವತ್ತಿನ ಗಾಳಿ ಎಲ್ಲಿಂದ, ಉಬ್ಬರ ಎಷ್ಟು ಗಂಟೆಗೆ ಎಂಬ ಮೂರು ಪ್ರಶ್ನೆಗಳೇ ಇಲ್ಲಿ ಕಾರ್ಯಕ್ರಮ ಬರೆಯುತ್ತವೆ.

ಮೊದಲ ದಿನ: ಇನ್ವರ್‌ನೆಸ್‌ನಿಂದ ಡರ್ನೆಸ್

ಲೇರ್ಗ್ ಮೂಲಕ ಡರ್ನೆಸ್‌ಗೆ ಸುಮಾರು 100 ಮೈಲಿ. ಫೋನಿನ ನಕ್ಷೆ ಎರಡೂವರೆ ಗಂಟೆ ತೋರಿಸಿದರೂ ಮೂರೂವರೆ ಇಟ್ಟುಕೊಳ್ಳಿ, ಏಕೆಂದರೆ ಲೇರ್ಗ್ ದಾಟಿದ ಮೇಲೆ ರಸ್ತೆ ಬಹುಮಟ್ಟಿಗೆ ಒಂದೇ ವಾಹನದ ಅಗಲ. ಎದುರಿಗೆ ಗಾಡಿ ಬಂದರೆ ಪಕ್ಕಕ್ಕೆ ಸರಿಯಲು ಅಲ್ಲಲ್ಲಿ ‘ಪಾಸಿಂಗ್ ಪ್ಲೇಸ್’ ಎಂಬ ಉಬ್ಬಿದ ಜಾಗಗಳಿವೆ. ಅದು ನಿಮ್ಮ ಎಡಗಡೆ ಇದ್ದರೆ ಒಳಗೆ ಸರಿಯಿರಿ. ಬಲಗಡೆ ಇದ್ದರೆ ದಾಟಿ ಹೋಗದೆ ಅದರ ಎದುರಿಗೆ ನಿಮ್ಮ ಪಕ್ಕದಲ್ಲೇ ನಿಂತು, ಎದುರಿನವರು ಅದರೊಳಗೆ ಸುತ್ತಿ ಬರಲು ಬಿಡಿ. ಹಿಂದೆ ಯಾರಾದರೂ ಅವಸರದಲ್ಲಿದ್ದರೆ ಅವರಿಗೂ ಅಲ್ಲೇ ದಾರಿ ಕೊಡಬೇಕು. ಅಲ್ಲಿ ಗಾಡಿ ನಿಲ್ಲಿಸಿ ಬೀಚಿಗೆ ಇಳಿಯುವುದು ಈ ಕರಾವಳಿಯಲ್ಲಿ ಅತಿ ಹೆಚ್ಚು ಬೈಗುಳ ತರುವ ಕೆಲಸ. ಸ್ಥಳೀಯರಿಗೆ ಆಂಬುಲೆನ್ಸೂ ಶಾಲೆಯ ಬಸ್ಸೂ ಬರುವುದು ಇದೇ ರಸ್ತೆಯಲ್ಲಿ.

ಇಂಧನ, ಔಷಧಿ, ವಾರದ ದಿನಸಿ ಇನ್ವರ್‌ನೆಸ್‌ನಲ್ಲೇ ಮುಗಿಸಿ. ನೀರಿನ ಸಾಮಾನುಗಳಲ್ಲಿ ರಾಜಿ ಮಾಡಿಕೊಳ್ಳಬಾರದ್ದು ವೆಟ್‌ಸೂಟ್. ಇಲ್ಲಿನ ಸಮುದ್ರ ಆಗಸ್ಟ್–ಸೆಪ್ಟೆಂಬರಿನಲ್ಲಿ ಅತಿ ಬೆಚ್ಚಗಿರುತ್ತದೆ, ಆ ‘ಬೆಚ್ಚಗೆ’ ಎಂದರೆ ಸುಮಾರು 13 ಡಿಗ್ರಿ ಸೆಲ್ಸಿಯಸ್. ಜೂನ್‌ನಲ್ಲಿ 10ರ ಆಸುಪಾಸು, ಮಾರ್ಚಿನಲ್ಲಿ 7. ಬೇಸಿಗೆಗೆ 4/3 ಮಿಲಿಮೀಟರ್ ದಪ್ಪದ ಸೂಟ್ ಮತ್ತು ಬೂಟು ಸಾಕು, ವಸಂತದಲ್ಲಿ 5/4 ಬೇಕು, ಜೊತೆಗೆ ಕೈಗವಸು ಮತ್ತು ತಲೆಗವಸು. ಎರಡು ಅಂಕಿಗಳಲ್ಲಿ ಮೊದಲನೆಯದು ಎದೆ–ಬೆನ್ನಿನ ದಪ್ಪ, ಎರಡನೆಯದು ಕೈಕಾಲಿನದು. ಬಾಡಿಗೆಗೆ ತೆಗೆದುಕೊಳ್ಳುವಾಗ ಕುತ್ತಿಗೆಯ ಪಟ್ಟಿ ಮತ್ತು ಸೊಂಟದ ಹಿಂಭಾಗ ನೋಡಿ. ಅಲ್ಲಿ ಸಡಿಲವಿದ್ದರೆ ಪ್ರತಿ ಅಲೆಗೂ ತಣ್ಣೀರು ಒಳಗೆ ನುಗ್ಗಿ, ಮೈ ಕಾಯಿಸಿಟ್ಟ ನೀರನ್ನು ಹೊರಗೆ ತಳ್ಳುತ್ತದೆ. ಆಗ ದಪ್ಪ ಎಷ್ಟಿದ್ದರೂ ಪ್ರಯೋಜನವಿಲ್ಲ.

ರಾತ್ರಿ ಡರ್ನೆಸ್‌ನಲ್ಲಿ ಕುಳಿತು ಉಬ್ಬರವಿಳಿತದ ತಖ್ತೆ ನೋಡಿ ವಾರದ ಲೆಕ್ಕ ಬರೆದುಕೊಳ್ಳಬೇಕು. ಮುದ್ರಿತ ತಖ್ತೆಗಳು ಸಾಮಾನ್ಯವಾಗಿ ಗ್ರೀನಿಚ್ ಕಾಲದಲ್ಲಿರುತ್ತವೆ. ಮಾರ್ಚ್ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ ಗಡಿಯಾರ ಒಂದು ಗಂಟೆ ಮುಂದಿರುವುದರಿಂದ ಆ ಗಂಟೆ ಸೇರಿಸಬೇಕು. ಇದನ್ನು ಮರೆತವರು ಕೊಲ್ಲಿಯ ಕೆಸರಿನಲ್ಲಿ ಕಯಾಕ್ ಎಳೆಯುತ್ತಾರೆ. ಹುಣ್ಣಿಮೆ–ಅಮಾವಾಸ್ಯೆಗಳ ಆಸುಪಾಸಿನಲ್ಲಿ ನೀರು ಏರಿಳಿಯುವ ಎತ್ತರ ಇಲ್ಲಿ ಸುಮಾರು 4 ಮೀಟರ್, ಅಷ್ಟಮಿಯ ಹೊತ್ತಿಗೆ ಅದರ ಅರ್ಧಕ್ಕಿಂತ ಕಡಿಮೆ. ಏರುವ ಆರು ಗಂಟೆಗಳಲ್ಲಿ ವೇಗ ಒಂದೇ ಸಮನಿರುವುದಿಲ್ಲ: ಹನ್ನೆರಡು ಪಾಲು ಮಾಡಿದರೆ ಮೊದಲ ಗಂಟೆಗೆ ಒಂದು ಪಾಲು, ಎರಡನೆಯದಕ್ಕೆ ಎರಡು, ಮೂರು–ನಾಲ್ಕನೆಯದಕ್ಕೆ ಮೂರು ಮೂರು, ಆಮೇಲೆ ಎರಡು, ಒಂದು. ಅಂದರೆ ನಡುವಿನ ಎರಡು ಗಂಟೆಗಳಲ್ಲೇ ಅರ್ಧ ನೀರು ಬಂದುಬಿಡುತ್ತದೆ. ಬಂಡೆಯ ಮೂಲೆ ಸುತ್ತಿ ಪಕ್ಕದ ಮರಳಿಗೆ ಹೋದವರು ಸಿಕ್ಕಿಕೊಳ್ಳುವುದು ಆ ಹೊತ್ತಿನಲ್ಲಿ.

ಎರಡನೇ ದಿನ: ಸಾಂಗೊ, ಬಾಲ್ನಕೀಲ್, ಸ್ಮೂ

ಡರ್ನೆಸ್‌ನ ಅದೃಷ್ಟವೆಂದರೆ ಊರಿನ ಎರಡು ಬದಿಗೆ ಎರಡು ದಿಕ್ಕಿನ ಬೀಚುಗಳು, ನಡುವೆ ಒಂದೆರಡು ಕಿಲೋಮೀಟರ್ ಅಷ್ಟೇ. ಸಾಂಗೊ ಈಶಾನ್ಯಕ್ಕೆ ಮುಖ ಮಾಡಿದೆ, ಬಾಲ್ನಕೀಲ್ ಪಶ್ಚಿಮಕ್ಕೆ. ಪಡುವಣ ಗಾಳಿಯ ದಿನ ಸಾಂಗೊದಲ್ಲಿ ಮರೆ ಸಿಗುತ್ತದೆ, ಮೂಡಣ ಗಾಳಿಗೆ ಬಾಲ್ನಕೀಲ್‌ನಲ್ಲಿ. ಆದರೆ ‘ಮರೆ’ ಎಂದ ಮಾತ್ರಕ್ಕೆ ಎಲ್ಲರಿಗೂ ಸುರಕ್ಷಿತವಲ್ಲ. ಮರೆಯಾದ ಬೀಚಿನಲ್ಲಿ ಗಾಳಿ ನೆಲದಿಂದ ಸಮುದ್ರದ ಕಡೆಗೆ ಬೀಸುತ್ತಿರುತ್ತದೆ. ದಡದ ಹತ್ತಿರ ನೀರು ಕನ್ನಡಿಯಂತಿರುತ್ತದೆ, ನೂರು ಮೀಟರ್ ಆಚೆ ಹೋದರೆ ಅದೇ ಗಾಳಿ ಬೆನ್ನಿಗೆ ಹೊಡೆಯುತ್ತದೆ. ಸೊಂಟದ ಆಳದಲ್ಲಿ ಈಜುವವರಿಗೆ ಇದು ಒಳ್ಳೆಯ ದಿನ. ಸರ್ಫರ್‌ಗೂ ಒಳ್ಳೆಯ ದಿನ, ಎದುರುಗಾಳಿ ಅಲೆಯ ಮುಖವನ್ನು ನೆಟ್ಟಗೆ ನಿಲ್ಲಿಸುತ್ತದೆ. ಗಾಳಿ ತುಂಬಿದ ಪ್ಯಾಡಲ್ ಬೋರ್ಡ್ ತಂದವರಿಗೆ ಮಾತ್ರ ಇದೇ ವಾರದ ಅತಿ ಕೆಟ್ಟ ದಿನ. ಹಗುರ ಬೋರ್ಡು, ಅದರ ಮೇಲೆ ನಿಂತ ಮನುಷ್ಯನೇ ಹಾಯಿ. ಈ ಕರಾವಳಿಯಲ್ಲಿ ದಕ್ಷಿಣದ ಗಾಳಿ ಯಾರನ್ನಾದರೂ ಒಯ್ದರೆ ಎದುರಿಗೆ ತಡೆಯಲು ನೆಲವಿಲ್ಲ.

ಸಾಂಗೊದಲ್ಲಿ ಇಳಿಯುವ ಮೊದಲು ಮೇಲಿನ ಹುಲ್ಲಿನ ದಿಣ್ಣೆಯ ಮೇಲೆ ಹತ್ತು ನಿಮಿಷ ನಿಲ್ಲಿ. ಇಲ್ಲಿ ಮರಳಿನ ನಡುವೆಯೇ ಕಪ್ಪು ಬಂಡೆಗಳು ಎದ್ದಿವೆ, ಅಲೆ ತಂದು ಸುರಿದ ನೀರು ಆ ಬಂಡೆಗಳ ಪಕ್ಕದ ತಗ್ಗಿನಲ್ಲಿ ಹಿಂದಕ್ಕೆ ಹರಿಯುತ್ತದೆ. ಇದೇ ರಿಪ್. ಮೇಲಿನಿಂದ ನೋಡಿದರೆ ಅಲೆ ಮುರಿಯದ, ಸ್ವಲ್ಪ ಗಾಢ ಬಣ್ಣದ, ಮೇಲ್ಮೈ ಚಿಕ್ಕದಾಗಿ ಕದಡಿದ ಒಂದು ಪಟ್ಟಿ ಕಾಣುತ್ತದೆ. ಕಡಲಪಾಚಿಯೋ ನೊರೆಯೋ ಅದರ ಮೇಲೆ ನಿಧಾನವಾಗಿ ಹೊರಗೆ ಸಾಗುತ್ತಿರುತ್ತದೆ. ಹೊಸಬರ ಕಣ್ಣಿಗೆ ಅಲೆಯಿಲ್ಲದ ಆ ಜಾಗವೇ ಇಳಿಯಲು ಸುಲಭವೆಂದು ಕಾಣುತ್ತದೆ, ಅಪಾಯ ಅಲ್ಲಿಯೇ. ಸಿಕ್ಕಿಕೊಂಡರೆ ದಡದ ಕಡೆಗೆ ನೇರ ಈಜಬೇಡಿ. ನಿಲ್ಲಲು ತಳ ಸಿಗುವಂತಿದ್ದರೆ ನಡೆದು ಬನ್ನಿ, ಇಲ್ಲದಿದ್ದರೆ ದಡಕ್ಕೆ ಸಮಾನಾಂತರವಾಗಿ ಈಜಿ, ಬಿಳಿ ಅಲೆ ಮುರಿಯುವ ಕಡೆ ಸೇರಿಕೊಂಡು ಅದರ ಜೊತೆ ಬನ್ನಿ. ಈ ಕರಾವಳಿಯ ಯಾವ ಬೀಚಿನಲ್ಲೂ ಲೈಫ್‌ಗಾರ್ಡ್ ಇಲ್ಲ ಎಂಬುದು ನೆನಪಿರಲಿ.

ತಣ್ಣೀರಿಗೆ ಇಳಿಯುವುದಕ್ಕೂ ಕ್ರಮವಿದೆ. ಬಂಡೆಯಿಂದ ಜಿಗಿಯುವುದು ಬೇಡ. ಮಂಡಿಯವರೆಗೆ ನಡೆದು, ಮುಖಕ್ಕೆ, ಕತ್ತಿನ ಹಿಂಭಾಗಕ್ಕೆ ನೀರು ಹಚ್ಚಿ, ಸೊಂಟದ ಆಳದಲ್ಲಿ ಉಸಿರು ಹದಕ್ಕೆ ಬರುವವರೆಗೆ ನಿಲ್ಲಬೇಕು. ಒಮ್ಮೆಲೇ ತಣ್ಣೀರು ತಗುಲಿದಾಗ ತಾನಾಗಿಯೇ ಒಂದು ದೊಡ್ಡ ಉಸಿರು ಒಳಗೆ ಹೋಗುತ್ತದೆ. ಆ ಕ್ಷಣ ಬಾಯಿ ನೀರಿನೊಳಗಿದ್ದರೆ ಕಥೆ ಮುಗಿಯಿತು. ಆ ಆಘಾತ ಒಂದೆರಡು ನಿಮಿಷದಲ್ಲಿ ತಗ್ಗುತ್ತದೆ. ಅನಿರೀಕ್ಷಿತವಾಗಿ ಬಿದ್ದವರು ಆ ಹೊತ್ತಿನಲ್ಲಿ ಈಜಲು ಹೋಗದೆ, ತಲೆ ಹಿಂದಕ್ಕೆ ಬಾಗಿಸಿ ಕಿವಿ ನೀರಿನಲ್ಲಿ ಮುಳುಗುವಂತೆ ಅಂಗಾತ ತೇಲಬೇಕು, ಕೈಗಳನ್ನು ಮೆಲ್ಲಗೆ ಆಡಿಸಿದರೆ ಸಾಕು. ಅದರ ನಂತರದ ಸುಮಾರು ಹತ್ತು ನಿಮಿಷ ಕೈಬೆರಳು ಹೇಳಿದ ಮಾತು ಕೇಳುತ್ತವೆ. ಹಗ್ಗ ಹಿಡಿಯುವುದು, ಬೋರ್ಡ್ ಹತ್ತುವುದು ಏನಿದ್ದರೂ ಅಷ್ಟರಲ್ಲೇ ಆಗಬೇಕು.

ಹೊರಗೆ ಬಂದ ಮೇಲೆ ಇನ್ನೊಂದು ಎಚ್ಚರ. ಕೈಕಾಲಿನ ತಣ್ಣನೆಯ ರಕ್ತ ಒಡಲಿಗೆ ಮರಳುವುದರಿಂದ, ನೀರು ಬಿಟ್ಟು ಹತ್ತಿಪ್ಪತ್ತು ನಿಮಿಷದ ಮೇಲೆ ಮೈ ಇನ್ನೂ ತಣ್ಣಗಾಗುತ್ತದೆ, ನಡುಕ ಶುರುವಾಗುವುದು ಆಗ. ಮೊದಲು ಸೂಟಿನ ಮೇಲ್ಭಾಗ ಕಳಚಿ ಒರೆಸಿ ಉಣ್ಣೆಯಂಗಿ ಮತ್ತು ಟೋಪಿ, ಆಮೇಲೆ ಕೆಳಭಾಗ. ಕಾಲಡಿಗೆ ಒಂದು ಚಾಪೆ ಇದ್ದರೆ ಅರ್ಧ ಚಳಿ ಕಡಿಮೆ. ಸಿಹಿ ಚಹಾ ಕುಡಿಯಿರಿ. ಬಿಸಿನೀರ ಸ್ನಾನವನ್ನು ನಡುಕ ನಿಂತ ಮೇಲೆ ಮಾಡಿ. ಬೆರಳು ಮರಗಟ್ಟಿರುವಾಗ ಸ್ಟೀರಿಂಗ್ ಹಿಡಿಯಬೇಡಿ.

ಮಧ್ಯಾಹ್ನಕ್ಕೆ ಊರಿನ ಪೂರ್ವಕ್ಕೆ ಸ್ಮೂ ಗುಹೆ. ಸುಣ್ಣದ ಕಲ್ಲಿನಲ್ಲಿ ಕೊರೆದ ಇದರ ಬಾಯಿ ಸುಮಾರು 15 ಮೀಟರ್ ಎತ್ತರವಿದೆ. ಹೊರಗಿನ ಹಜಾರ ಸಮುದ್ರ ಕೊರೆದದ್ದು, ಒಳಗಿನ ಕೋಣೆಗಳು ಮೇಲಿನ ಹೊಳೆಯ ಸಿಹಿನೀರು ಕರಗಿಸಿದ್ದು. ಹೊಳೆ ಚಾವಣಿಯ ತೂತಿನಿಂದ ಒಳಗೆ ಜಲಪಾತವಾಗಿ ಬೀಳುತ್ತದೆ. ಅದನ್ನು ಮರದ ಅಟ್ಟಣೆಯಿಂದ ನೋಡಬಹುದು. ಅದರಾಚೆಗೆ ರಬ್ಬರ್ ದೋಣಿಯಲ್ಲಿ, ಹೆಲ್ಮೆಟ್ ಹಾಕಿ, ತಲೆ ತಗ್ಗಿಸಿ ಹೋಗಬೇಕು. ಜೋರು ಮಳೆಯ ಮರುದಿನ ದೋಣಿ ಇರುವುದಿಲ್ಲ, ನೀರು ಏರಿ ಚಾವಣಿಗೂ ದೋಣಿಗೂ ಅಂತರ ಉಳಿದಿರುವುದಿಲ್ಲ. ಒಣಹವೆ ಬಹಳ ದಿನ ನಡೆದರೆ ಜಲಪಾತವೇ ಸೊರಗುತ್ತದೆ. ಹಾಗಾಗಿ ಸಾಧಾರಣ ಮಳೆಯಾದ ಒಂದೆರಡು ದಿನದ ಮೇಲೆ ಹೋಗುವುದು ಸರಿ.

ಸಂಜೆಗೆ ಬಾಲ್ನಕೀಲ್. ಪಾಳುಬಿದ್ದ ಹಳೆಯ ಚರ್ಚಿನ ಬಳಿ ಗಾಡಿ ಬಿಟ್ಟು ಮರಳಿನ ಮೇಲೆ ಉತ್ತರಕ್ಕೆ ನಡೆದರೆ ಫರೇಡ್ ಹೆಡ್. ಜೂನ್‌ನಲ್ಲಿ ಸೂರ್ಯ ಮುಳುಗುವುದು ರಾತ್ರಿ ಹತ್ತರ ಮೇಲೆ, ಆದ್ದರಿಂದ ಊಟ ಮುಗಿಸಿಯೇ ಹೊರಡಬಹುದು. ದಿಬ್ಬಗಳ ಹುಲ್ಲು ತುಳಿಯದೆ ಇರುವ ಕಾಲುದಾರಿಯಲ್ಲೇ ನಡೆಯಿರಿ, ಮರಳನ್ನು ಹಿಡಿದಿಟ್ಟಿರುವುದು ಆ ಬೇರುಗಳೇ.

ಮೂರನೇ ದಿನ: ಸ್ಯಾಂಡ್‌ವುಡ್ ಅಥವಾ ಕೇಪ್ ರಾತ್

ಎರಡನ್ನೂ ಒಂದೇ ದಿನ ಮಾಡಲಾಗದು. ಕೇಪ್ ರಾತ್‌ಗೆ ಕಾರು ಹೋಗುವುದಿಲ್ಲ: ಕೀಯೋಲ್‌ಡೇಲ್‌ನಲ್ಲಿ ಚಿಕ್ಕ ದೋಣಿಯಲ್ಲಿ ಕೈಲ್ ಆಫ್ ಡರ್ನೆಸ್ ಎಂಬ ಕಡಲತೋಳು ದಾಟಿ, ಆಚೆಯಿಂದ 11 ಮೈಲಿ ಮಿನಿಬಸ್ಸಿನಲ್ಲಿ. ಬೇಸಿಗೆಯ ತಿಂಗಳುಗಳಲ್ಲಿ ಮಾತ್ರ ಇದು ನಡೆಯುತ್ತದೆ. ಗಾಳಿ ಜೋರಾದರೆ, ಇಳಿತ ತೀರಾ ತಗ್ಗಿದರೆ ಅಥವಾ ಸೇನೆ ಅಲ್ಲಿನ ಫಿರಂಗಿ–ಬಾಂಬ್ ಅಭ್ಯಾಸದ ವಲಯವನ್ನು ಮುಚ್ಚಿದರೆ ರದ್ದಾಗುತ್ತದೆ. ಹಿಂದಿನ ದಿನವೇ ವಿಚಾರಿಸಿ. ತುದಿಯ ದೀಪಸ್ತಂಭ 1828ರಲ್ಲಿ ರಾಬರ್ಟ್ ಸ್ಟೀವನ್‌ಸನ್ ಕಟ್ಟಿದ್ದು. ಪೂರ್ವಕ್ಕಿರುವ ಕ್ಲೋ ಮೋರ್ ಬಂಡೆಗೋಡೆ 281 ಮೀಟರ್, ಬ್ರಿಟನ್ ಮುಖ್ಯನೆಲದ ಅತಿ ಎತ್ತರದ ಕಡಲಗೋಡೆ.

ಸ್ಯಾಂಡ್‌ವುಡ್ ಬೀಚು ಬೇಕೆಂದರೆ ಕಿನ್‌ಲಾಕ್‌ಬರ್ವಿ ದಾಟಿ ಬ್ಲೇರ್‌ಮೋರ್‌ನಲ್ಲಿ ಗಾಡಿ ಬಿಟ್ಟು ನಾಲ್ಕು ಮೈಲಿ ನಡಿಗೆ, ಮತ್ತೆ ನಾಲ್ಕು ಮೈಲಿ ವಾಪಸು. ದಾರಿ ಕಡಿದಲ್ಲ, ಆದರೆ ಕೆಸರಿದೆ. ಒದ್ದೆಯಾಗದ ಬೂಟು ಬೇಕು. ಜರಿಗಿಡ, ಎತ್ತರದ ಹುಲ್ಲಿನಲ್ಲಿ ಉಣ್ಣಿಗಳಿರುತ್ತವೆ, ಲೈಮ್ ಕಾಯಿಲೆ ಹರಡುವುದು ಅವುಗಳಿಂದ. ರಾತ್ರಿ ಮಂಡಿಯ ಹಿಂದೆ, ಸೊಂಟದ ಸುತ್ತ ನೋಡಿಕೊಂಡು, ಸಿಕ್ಕರೆ ಚಿಮಟಿಯಿಂದ ಚರ್ಮಕ್ಕೆ ಒತ್ತಿ ಹಿಡಿದು ನೇರ ಮೇಲಕ್ಕೆ ಎಳೆಯಿರಿ. ಎಣ್ಣೆ ಹಚ್ಚುವುದು, ಬೆಂಕಿ ತಾಗಿಸುವುದು ಬೇಡ. ಬೀಚು ಒಂದೂವರೆ ಮೈಲಿ ಉದ್ದ, ದಕ್ಷಿಣದ ತುದಿಯಲ್ಲಿ ಆಮ್ ಬುವಾಖೈಲ್ ಎಂಬ ಒಂಟಿ ಕಲ್ಲುಕಂಬ. ಇಲ್ಲಿ ಈಜುವ ಆಸೆ ಬಿಡುವುದೇ ಒಳ್ಳೆಯದು ಎಂಬುದು ನಮ್ಮ ಅಭಿಪ್ರಾಯ. ಅಟ್ಲಾಂಟಿಕ್ ಅಲೆ ನೇರ ಬಂದು ಬೀಳುತ್ತದೆ, ಸೆಳೆತ ಜೋರು, ಮೊಬೈಲ್ ಸಿಗ್ನಲ್ ನೆಚ್ಚುವಂತಿಲ್ಲ. ಏನಾದರೂ ಆದರೆ ಹತ್ತಿರದ ರಸ್ತೆ ಒಂದೂವರೆ ಗಂಟೆಯ ನಡಿಗೆ.

ಸಿಗ್ನಲ್ ಮಾತು ಬಂತು. ಬ್ರಿಟನ್ನಿನ ಸಿಮ್ ಇದ್ದರೆ, ಕರೆ ಹೋಗದಷ್ಟು ಸಣ್ಣ ಸಿಗ್ನಲ್‌ನಲ್ಲೂ ತುರ್ತು ಸಂಖ್ಯೆ 999ಕ್ಕೆ ಸಂದೇಶ ಕಳಿಸಬಹುದು. ಆದರೆ ಮೊದಲೇ ‘ರಿಜಿಸ್ಟರ್’ ಎಂಬ ಇಂಗ್ಲಿಷ್ ಪದ ಕಳಿಸಿ ನೋಂದಾಯಿಸಿಕೊಂಡಿರಬೇಕು. ಸಮುದ್ರದ ತೊಂದರೆಗೆ 999 ಒತ್ತಿದಾಗ ಪೊಲೀಸ್ ಅಲ್ಲ, ಕೋಸ್ಟ್‌ಗಾರ್ಡ್ ಎಂದು ಕೇಳಿ.

ನಾಲ್ಕನೇ ದಿನ: ಕೆನ್ನಬಿನ್, ಎರಿಬೊಲ್, ಟಂಗ್

ಡರ್ನೆಸ್‌ನಿಂದ ಪೂರ್ವಕ್ಕೆ ಹೊರಟ ಕೆಲವೇ ನಿಮಿಷಕ್ಕೆ ಕೆನ್ನಬಿನ್ ಬೀಚ್. ನೀರಿನ ಬಣ್ಣ ನೋಡಿ ಮರುಳಾಗುವಂಥದ್ದು. ಮೇಲೆ ಜಿಪ್ ಲೈನ್ ಕೂಡ ಇದೆ. ಅಲೆಯಿರುವ ದಿನ ಇಲ್ಲಿ ಅದು ದೂರದಲ್ಲಿ ಮುರಿಯದೆ ದಡದ ಅಂಚಿನಲ್ಲೇ ದೊಪ್ಪನೆ ಬೀಳುತ್ತದೆ. ಮಕ್ಕಳನ್ನು ಮೊಣಕಾಲಿನ ನೀರಿನಲ್ಲೂ ಕೈಹಿಡಿದೇ ನಿಲ್ಲಿಸಿಕೊಳ್ಳಿ. ಅಲೆ ಬೀಳುವ ಜಾಗದಲ್ಲಿ ತಲೆ ಮುಂದಾಗಿ ಹಾರಿದರೆ ಕತ್ತಿಗೆ ಪೆಟ್ಟು.

ಬೇಸಿಗೆಯ ಕೊನೆಗೆ ಇಂಥ ಕೊಲ್ಲಿಗಳಿಗೆ ಸಿಂಹದ ಕೇಸರದಂತೆ ಕೆಂಗಂದು ಎಳೆಗಳ ಲಯನ್ಸ್ ಮೇನ್ ಲೋಳೆಮೀನು ಬರುತ್ತದೆ. ಎಳೆಗಳು ದೇಹಕ್ಕಿಂತ ಬಹಳ ಉದ್ದ, ಮರಳಿನ ಮೇಲೆ ಸತ್ತು ಬಿದ್ದದ್ದೂ ಕುಟುಕುತ್ತದೆ. ಕುಟುಕಿದರೆ ಸಮುದ್ರದ ನೀರಿನಿಂದಲೇ ತೊಳೆದು, ಎಳೆಗಳನ್ನು ಚಿಮಟಿಯಿಂದ ಅಥವಾ ಬ್ಯಾಂಕ್ ಕಾರ್ಡಿನ ಅಂಚಿನಿಂದ ತೆಗೆದು, ಆಮೇಲೆ ತಾಳಬಹುದಾದಷ್ಟು ಬಿಸಿಯ ನೀರಿನಲ್ಲಿ ಅರ್ಧ ಗಂಟೆ ಅದ್ದಿಡಿ. ಉಜ್ಜಬಾರದು. ಉಸಿರಾಟಕ್ಕೆ ತೊಂದರೆಯಾದರೆ ಕಾಯದೆ 999.

ಲಾಕ್ ಎರಿಬೊಲ್ ಸುತ್ತಿ ಹೋಗುವ ರಸ್ತೆ ಉದ್ದ, ನೋಟ ಧಾರಾಳ. ಆಳವಾದ ಈ ಕಡಲತೋಳಿನಲ್ಲಿ 1945ರ ಮೇ ತಿಂಗಳಲ್ಲಿ ಶರಣಾದ ಜರ್ಮನ್ ಯು-ಬೋಟ್‌ಗಳನ್ನು ತಂದು ನಿಲ್ಲಿಸಿದ್ದರು. ಪೂರ್ವದಂಡೆಯಲ್ಲಿ ಮರಳಿನ ಕೊರಳಿನಿಂದ ನೆಲಕ್ಕೆ ಅಂಟಿಕೊಂಡ ಆರ್ಡ್ ನೀಕಿ ಎಂಬ ದಿಣ್ಣೆಯಿದೆ, ಅದರ ಮೇಲೆ ಹಳೆಯ ಸುಣ್ಣದ ಭಟ್ಟಿಗಳು. ದಕ್ಷಿಣದ ಗಾಳಿಯಲ್ಲಿ ಈ ತೋಳು ಕೊಳವೆಯಂತೆ ಕೆಲಸ ಮಾಡುತ್ತದೆ, ಹವಾಮಾನ ವರದಿ ಹೇಳಿದ್ದಕ್ಕಿಂತ ಹೆಚ್ಚು ಗಾಳಿ ಇಲ್ಲಿ ಸಿಗುತ್ತದೆ. ಹಾಗಾಗಿ ಬೋರ್ಡನ್ನು ಇಲ್ಲಿ ಇಳಿಸದೆ ನಾಳೆಗೆ ಇಟ್ಟುಕೊಳ್ಳಿ.

ಐದನೇ ದಿನ: ಕೈಲ್ ಆಫ್ ಟಂಗ್‌ನಲ್ಲಿ ಹುಟ್ಟು ಹಾಕುವುದು

ಕಯಾಕಿಗೂ ಪ್ಯಾಡಲ್ ಬೋರ್ಡಿಗೂ ಇಡೀ ಪ್ರವಾಸದಲ್ಲಿ ಅತಿ ಒಳ್ಳೆಯ ಜಾಗ ಇದೇ. ಒಂದು ಕಡೆ ಬೆನ್ ಲಾಯಲ್‌ನ ಮೊನಚು ಶಿಖರಗಳು, ಗುಡ್ಡದ ಮೇಲೆ ವ್ಯಾರಿಚ್ ಕೋಟೆಯ ಮುರುಕು ಗೋಪುರ, ನಡುವೆ 1971ರಲ್ಲಿ ತೆರೆದ ಒಡ್ಡು–ಸೇತುವೆ. ತೊಂದರೆ ಒಂದೇ: ಇಳಿತದಲ್ಲಿ ಕೊಲ್ಲಿಯ ಒಳಭಾಗದ ಬಹುಪಾಲು ಒಣಗಿ ಮರಳಾಗುತ್ತದೆ. ಬೆಳಿಗ್ಗೆ ನೀರು ಕಂಡು ಹೊರಟವರು ಮಧ್ಯಾಹ್ನ ಅರ್ಧ ಮೈಲಿ ಕಣಕಾಲು ಹೂಳುವ ಕೆಸರಿನಲ್ಲಿ ನಡೆಯಬೇಕಾದೀತು.

ಆದ್ದರಿಂದ ಉಬ್ಬರದ ತುದಿಗೆ ಎರಡು ಗಂಟೆ ಮೊದಲು ನೀರಿಗಿಳಿದು, ತುದಿಯಾದ ಒಂದು ಗಂಟೆಯೊಳಗೆ ದಡ ಸೇರಿ. ಏರುವ ನೀರು ಒಳಕ್ಕೆ ತಳ್ಳುತ್ತದೆ, ಅದರ ಜೊತೆ ಹೋಗಿ ಇಳಿಯುವ ನೀರಿನ ಮೊದಲ ಹೆಜ್ಜೆಯ ಜೊತೆ ಮರಳುವುದು ಉಳಿತಾಯದ ಲೆಕ್ಕ. ಸೇತುವೆಯ ಕೆಳಗೆ ಮಾತ್ರ ನುಗ್ಗಬೇಡಿ. ಒಡ್ಡು ಇಡೀ ಕೊಲ್ಲಿಯ ನೀರನ್ನು ಆ ಕಿರಿದಾದ ಕಂಡಿಗೆ ಹಿಂಡುವುದರಿಂದ, ಉಬ್ಬರ–ಇಳಿತಗಳ ನಡುವಿನ ಹೊತ್ತಿನಲ್ಲಿ ಅಲ್ಲಿ ಹೊಳೆಯ ವೇಗ. ಕಂಬಕ್ಕೆ ಅಡ್ಡವಾಗಿ ಒತ್ತಿಕೊಂಡ ಬೋರ್ಡನ್ನು ಬಿಡಿಸುವುದು ಒಬ್ಬರ ಕೈಲಾಗದು. ಹೀಗಾಗಿಯೇ ಹರಿಯುವ ನೀರಿನಲ್ಲಿ ಬೋರ್ಡನ್ನು ಕಾಲಿಗೆ ಕಟ್ಟುವ ಹಗ್ಗ, ಅಂದರೆ ಲೀಶ್ ಬೇಡ. ಸೊಂಟಕ್ಕೆ ಕಟ್ಟುವ, ಒಂದೇ ಎಳೆತಕ್ಕೆ ಕಳಚುವ ಪಟ್ಟಿ ಹಾಕಿ. ಕಾಲಿನ ಲೀಶ್ ಸಿಕ್ಕಿಕೊಂಡರೆ ಹರಿವಿಗೆ ವಿರುದ್ಧವಾಗಿ ಬಗ್ಗಿ ಬಿಚ್ಚಲು ಸಾಧ್ಯವೇ ಇಲ್ಲ. ಕಳಚುವ ಗುಂಡಿಯನ್ನು ದಡದಲ್ಲೇ ಎರಡೂ ಕೈಯಿಂದ, ಕಣ್ಣು ಮುಚ್ಚಿ, ನಾಲ್ಕಾರು ಬಾರಿ ಎಳೆದು ನೋಡಿ.

ಬೋರ್ಡಿಗೆ ಗಾಳಿ ತುಂಬುವಾಗ ಬಹಳ ಜನ ಪಂಪು ಗಟ್ಟಿಯಾದ ಕೂಡಲೇ ನಿಲ್ಲಿಸುತ್ತಾರೆ, ಅದು ಹತ್ತು ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಕೂಡ ಆಗಿರುವುದಿಲ್ಲ. ಸಾಮಾನ್ಯ ಆರಂಗುಲ ದಪ್ಪದ ಬೋರ್ಡಿಗೆ 15 ಬೇಕು, ನಿಖರ ಅಂಕಿ ಕವಾಟದ ಬಳಿಯೇ ಅಚ್ಚಾಗಿರುತ್ತದೆ. ಕಡಿಮೆಯಾದರೆ ನಡು ಬಗ್ಗಿ, ತುದಿ ಮೇಲೆದ್ದು, ಗಾಳಿಗೆ ಇನ್ನಷ್ಟು ಮೈಯೊಡ್ಡುತ್ತದೆ. ತಣ್ಣೀರಿನಲ್ಲಿ ಒಳಗಿನ ಗಾಳಿ ಕುಗ್ಗಿ ಒತ್ತಡ ಇಳಿಯುವುದೂ ಉಂಟು, ಹಾಗಾಗಿ ಐದು ನಿಮಿಷ ನೀರಿನಲ್ಲಿಟ್ಟು ಮತ್ತೆ ಒತ್ತಿ ನೋಡಿ. ಕವಾಟದ ಪಿನ್ನು ತುಂಬುವಾಗ ಮೇಲೆದ್ದ ಸ್ಥಿತಿಯಲ್ಲಿರಬೇಕು, ಒಳಗೆ ಕೂತಿದ್ದರೆ ಕೊಳವೆ ತೆಗೆದ ಕ್ಷಣವೇ ಇಷ್ಟು ಹೊತ್ತಿನ ದುಡಿಮೆ ಬುಸ್ಸೆಂದು ಹೋಗುತ್ತದೆ.

ಹೊರಗಿನ ರ‍್ಯಾಬಿಟ್ ದ್ವೀಪಗಳು ಅನುಭವಿಗಳಿಗೆ. ಪಶ್ಚಿಮದಂಡೆಯ ಟಾಲ್ಮಿನ್‌ನಿಂದ ಹೊರಡಬಹುದು. ಕೊಲ್ಲಿಯ ಬಾಯಲ್ಲಿ ಇಳಿತದ ನೀರು ಉತ್ತರಕ್ಕೆ ಹರಿಯುತ್ತದೆ, ಅದೇ ಹೊತ್ತಿಗೆ ಬಡಗಣ ಗಾಳಿ ಎದುರಾದರೆ ಅಲೆಗಳು ಗಿಡ್ಡವಾಗಿ, ಕಡಿದಾಗಿ ಎದ್ದು ನಿಲ್ಲುತ್ತವೆ. ಗಾಳಿ 10 ನಾಟ್ (ಗಂಟೆಗೆ ಸುಮಾರು 18.5 ಕಿಲೋಮೀಟರ್) ದಾಟಿದರೆ ಹೊಸಬರು ಹೊರಗೆ ಹೋಗಬಾರದು. ಯಾವ ದಿನವಾದರೂ ಮೊದಲರ್ಧ ಗಾಳಿಗೆ ಎದುರಾಗಿ ಹೋಗಿ, ದಣಿದ ಮೇಲೆ ಗಾಳಿಯೇ ಮನೆಗೆ ತರುತ್ತದೆ. ಬೋರ್ಡಿನ ಮೇಲೆ ನಿಂತು ಮುಂದೆ ಸಾಗಲಾಗದಿದ್ದರೆ ಮಂಡಿಯೂರಿ, ಆಗಲೂ ಆಗದಿದ್ದರೆ ಬೋರಲು ಮಲಗಿ ಕೈಯಿಂದ ಹುಟ್ಟು ಹಾಕಿ. ಬೋರ್ಡು ಬಿಟ್ಟು ಈಜುವುದು ಎಂದಿಗೂ ಬೇಡ, ಹುಡುಕುವ ಹೆಲಿಕಾಪ್ಟರಿಗೆ ತಲೆಗಿಂತ ಬೋರ್ಡು ಬೇಗ ಕಾಣುತ್ತದೆ. ಆಚೆಗೆ ಕಾಣುವ ಏಲನ್ ನನ್ ರಾನ್‌ನಲ್ಲಿ 1938ರವರೆಗೆ ಜನವಸತಿಯಿತ್ತು. ಈಗ ಶರತ್ಕಾಲದಲ್ಲಿ ಬೂದು ಸೀಲ್‌ಗಳು ಮರಿಹಾಕುವ ಜಾಗ, ಆ ತಿಂಗಳುಗಳಲ್ಲಿ ಹತ್ತಿರ ಸುಳಿಯಬೇಡಿ. ತಾಯಿ ಬೆದರಿ ನೀರಿಗೆ ಹಾರಿದರೆ ಮರಿ ಹಸಿದೇ ಉಳಿಯುತ್ತದೆ.

ಗಾಳಿ ಸಂಪೂರ್ಣ ನಿಂತ ಸಂಜೆ ಹುಟ್ಟು ಹಾಕುವವರಿಗೆ ಹಬ್ಬ, ಮಿಜ್ ಎಂಬ ಸಣ್ಣ ನೊಣಗಳಿಗೂ ಹಬ್ಬ. ಗಂಟೆಗೆ ಏಳೆಂಟು ಮೈಲಿ ಗಾಳಿಯಿದ್ದರೆ ಅವು ಹಾರಲಾರವು. ತಲೆಗೆ ಹಾಕುವ ಬಲೆ ಜೇಬಿನಲ್ಲೇ ಇರಲಿ.

ಆರನೇ ದಿನ: ಬೆಟ್ಟಿಹಿಲ್‌ನಿಂದ ಥರ್ಸೊ

ಟೊರಿಸ್‌ಡೇಲ್ ಕೊಲ್ಲಿಯ ಎರಡು ತುದಿಗಳಲ್ಲಿ ಎರಡು ಅಳಿವೆಗಳು: ಒಂದು ಬೋರ್ಗಿ, ಇನ್ನೊಂದು ನೇವರ್. ನಡುವಿನ ಮರಳು ವಿಶಾಲ, ಸರ್ಫಿಂಗಿಗೂ ಹೆಸರಾದದ್ದು. ಆದರೆ ಅಳಿವೆಯ ಹತ್ತಿರ ಈಜಬಾರದು. ಇಳಿತದ ಸೆಳೆತ ಮತ್ತು ನದಿಯ ಹರಿವು ಎರಡೂ ಒಂದೇ ದಿಕ್ಕಿಗೆ ಕೂಡಿಕೊಳ್ಳುತ್ತವೆ. ಎದುರಿನ ದಡ ಹತ್ತಿರ ಕಂಡು ನದಿ ದಾಟಲು ಇಳಿಯುವುದೂ ಅಷ್ಟೇ ತಪ್ಪು. ಬೆಟ್ಟಿಹಿಲ್‌ನ ಇನ್ನೊಂದು ಬದಿಯ ಫಾರ್ ಕೊಲ್ಲಿಗೆ ಸ್ಟ್ರಾತ್‌ನೇವರ್ ವಸ್ತುಸಂಗ್ರಹಾಲಯದ ಪಕ್ಕದಿಂದ ಕಾಲುದಾರಿ. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಈ ಕಣಿವೆಯ ರೈತರನ್ನು ಕುರಿಸಾಕಣೆಗಾಗಿ ಒಕ್ಕಲೆಬ್ಬಿಸಿದ ಇತಿಹಾಸ ಅಲ್ಲಿದೆ. ಮಳೆ ಬಂದರೆ ಒಂದು ಗಂಟೆ ಕಳೆಯಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ.

ಸ್ಟ್ರಾತಿ ಕೊಲ್ಲಿ ಹೊಸ ಸರ್ಫರ್‌ಗಳಿಗೆ ನಮ್ಮ ಮೊದಲ ಆಯ್ಕೆ. ಪಶ್ಚಿಮದಲ್ಲಿ ಸ್ಟ್ರಾತಿ ಪಾಯಿಂಟ್ ಉದ್ದಕ್ಕೆ ಚಾಚಿಕೊಂಡು ಪಡುವಣ ಅಲೆಯನ್ನು ಅರ್ಧ ಕತ್ತರಿಸುತ್ತದೆ, ಬೇರೆಡೆ ತಲೆಯೆತ್ತರವಿರುವ ದಿನ ಇಲ್ಲಿ ಸೊಂಟದೆತ್ತರ. ಗಾಡಿ ನಿಲ್ಲಿಸುವುದು ಸ್ಮಶಾನದ ಪಕ್ಕ, ಅಂತ್ಯಕ್ರಿಯೆಗೆ ಬಂದವರ ಜಾಗ ಬಿಡಿ. ಮುಂದಿನ ಮೆಲ್ವಿಚ್‌ನಲ್ಲೂ ಹ್ಯಾಲಡೇಲ್ ಅಳಿವೆಯಿದೆ, ಎಚ್ಚರಿಕೆ ಅದೇ.

ರೇ ಹಳ್ಳಿಯ ಸ್ಯಾಂಡ್‌ಸೈಡ್ ಕೊಲ್ಲಿಯಲ್ಲಿ ಫಲಕ ಓದಿಯೇ ಇಳಿಯಿರಿ. ಪಕ್ಕದ ಡೌನ್‌ರೇ ಅಣುಸ್ಥಾವರದಿಂದ ಹಿಂದೆ ಸಮುದ್ರ ಸೇರಿದ ವಿಕಿರಣಶೀಲ ಇಂಧನದ ಮರಳಿನಷ್ಟು ಚಿಕ್ಕ ಕಣಗಳು ಈ ಬೀಚಿನಲ್ಲಿ 1984ರಿಂದ ಆಗಾಗ ಸಿಕ್ಕಿವೆ. ಪತ್ತೆಯಂತ್ರ ಹೊತ್ತ ವಾಹನದಿಂದ ನಿಯಮಿತವಾಗಿ ತಪಾಸಣೆ ನಡೆಯುತ್ತದೆ. ಬೀಚು ಮುಚ್ಚಿಲ್ಲ, ಒಂದು ಕಣ ಎದುರಾಗುವ ಸಂಭವ ತೀರಾ ಕಡಿಮೆ. ಆದರೂ ಮರಳಿನಲ್ಲಿ ಗುಂಡಿ ತೋಡಿ ಆಡುವ ಪುಟ್ಟ ಮಕ್ಕಳಿದ್ದರೆ, ಸುತ್ತ ಇಷ್ಟೊಂದು ಬೀಚುಗಳಿರುವಾಗ ಇದನ್ನೇ ಆರಿಸಲು ಕಾರಣವಿಲ್ಲ.

ಏಳನೇ ದಿನ: ಥರ್ಸೊ ಮತ್ತು ಡನೆಟ್

ಥರ್ಸೊ ಈಸ್ಟ್‌ನ ಅಲೆ ಸರ್ಫಿಂಗ್ ಲೋಕದಲ್ಲಿ ಪ್ರಸಿದ್ಧ, 2006ರಲ್ಲಿ ಇಲ್ಲಿ ಅಂತಾರಾಷ್ಟ್ರೀಯ ಸ್ಪರ್ಧೆ ನಡೆದಿತ್ತು. ಪಾಳು ಕೋಟೆಯ ಮುಂದೆ ಕೇತ್‌ನೆಸ್‌ನ ಚಪ್ಪಡಿಕಲ್ಲು ಸಮುದ್ರದೊಳಗೆ ಮೆಲ್ಲಗೆ ಇಳಿಯುತ್ತದೆ, ಅದರ ಮೇಲೆ ಅಲೆ ಬಲಕ್ಕೆ ಉದ್ದವಾಗಿ ಸುರುಳಿಯಾಗುತ್ತದೆ. ವಾಯವ್ಯದ ಅಲೆ, ಅಲೆಗೂ ಅಲೆಗೂ ನಡುವೆ 12 ಸೆಕೆಂಡಿಗಿಂತ ಹೆಚ್ಚಿನ ಅಂತರ, ದಕ್ಷಿಣ ಅಥವಾ ಆಗ್ನೇಯದ ಗಾಳಿ: ಇವು ಕೂಡಿದ ದಿನ ಕಾರುಗಳು ತಾವಾಗಿ ಸೇರುತ್ತವೆ. ಹವಾಮಾನ ವರದಿಯಲ್ಲಿ ಎತ್ತರವಷ್ಟೇ ನೋಡುವುದು ಸಾಲದು. 1.5 ಮೀಟರ್ ಎತ್ತರ 7 ಸೆಕೆಂಡ್ ಅಂತರದಲ್ಲಿ ಬಂದರೆ ಕಲಕಿದ ನೀರು, ಅದೇ ಎತ್ತರ 14 ಸೆಕೆಂಡಿನಲ್ಲಿ ಬಂದರೆ ತಳಕ್ಕೆ ತಾಗಿ ಎದ್ದು ನಿಲ್ಲುವ ಗಟ್ಟಿ ಅಲೆ.

ಒಳಗೆ ಹೋಗಲು ಚಪ್ಪಡಿಯ ಮೇಲಿಂದ ಜಾರಾಡುವುದಕ್ಕಿಂತ ನದಿಯ ಬಾಯಿಯೇ ಸುಲಭ. ಚಹಾ ಬಣ್ಣದ ಥರ್ಸೊ ನದಿ ತಾನೇ ಹೊರಗೆ ಒಯ್ಯುತ್ತದೆ. ಹಿಂದೆ ಬರುವಾಗ ಅದೇ ಹರಿವು ತಡೆಯುತ್ತದೆ, ಹಾಗಾಗಿ ದಣಿಯುವ ಮೊದಲೇ ಒಂದು ಅಲೆಯ ಮೇಲೆ ಮರಳಬೇಕು. ಇಳಿತದಲ್ಲಿ ಕಲ್ಲಿನ ಮೇಲೆ ನೀರು ತೆಳ್ಳಗಾಗುತ್ತದೆ. ಬಿದ್ದರೆ ಚಪ್ಪಟೆಯಾಗಿ ಬೀಳಿ, ಕಾಲು ಚಾಚಿ ತಳ ಹುಡುಕಬೇಡಿ, ಬಿರುಕಿನಲ್ಲಿ ಪಾದ ಸಿಕ್ಕೀತು. ಅಲೆ ಮೊದಲು ಮುರಿಯುವ ಜಾಗಕ್ಕೆ ಹತ್ತಿರವಿರುವವರಿಗೇ ಆ ಅಲೆಯ ಹಕ್ಕು. ಇನ್ನೂ ಮುರಿಯದ ಹಸಿರು ಅಲೆಯ ಮೇಲೆ ತಿರುವು ತೆಗೆದುಕೊಳ್ಳಲು ಬಾರದವರು ಇಲ್ಲಿ ಗೋಡೆಯ ಮೇಲೆ ಕುಳಿತು ನೋಡಿದರೂ ನಷ್ಟವಿಲ್ಲ.

ಕಲಿಯುವವರಿಗೆ ಪೂರ್ವಕ್ಕಿರುವ ಡನೆಟ್ ಕೊಲ್ಲಿ: ಸುಮಾರು 3 ಕಿಲೋಮೀಟರ್ ಮರಳು, ತಳದಲ್ಲಿ ಬಂಡೆ ಕಡಿಮೆ, ಹತ್ತಿರದಲ್ಲೇ ಕ್ಯಾಂಪ್ ಮತ್ತು ಶೌಚಾಲಯ. ಉತ್ತರದ ಅಲೆ ದೊಡ್ಡದಿರುವ ದಿನ ಡನೆಟ್ ಹೆಡ್‌ಗೆ ಹತ್ತಿರದ ಉತ್ತರ ತುದಿಯಲ್ಲಿ ಅದು ಕುಗ್ಗಿರುತ್ತದೆ. ಸೊಂಟದ ಆಳದಲ್ಲಿ ಬಿಳಿನೊರೆಯ ಅಲೆಗಳಲ್ಲೇ ಎದ್ದು ನಿಲ್ಲುವುದನ್ನು ಕಲಿಯಿರಿ. ಬೋರ್ಡನ್ನು ಎಂದೂ ನಿಮ್ಮ ಮತ್ತು ಅಲೆಯ ನಡುವೆ ಹಿಡಿಯಬೇಡಿ, ಮೊದಲ ದಿನದ ಹಲ್ಲುಮುರಿತಗಳು ಹಾಗೆಯೇ ಆಗುವುದು.

ಗುಡಾರ ಹಾಕುವ ಬಗ್ಗೆ: 2003ರ ಭೂಸುಧಾರಣಾ ಕಾಯ್ದೆಯಿಂದ ಸ್ಕಾಟ್ಲೆಂಡಿನಲ್ಲಿ ಜವಾಬ್ದಾರಿಯಿಂದ ನಡೆಯುವ, ನೀರಿಗಿಳಿಯುವ, ಚಿಕ್ಕ ಗುಡಾರ ಹಾಕುವ ಹಕ್ಕಿದೆ. ಆ ಹಕ್ಕು ವಾಹನಕ್ಕೆ ಅನ್ವಯಿಸದು. ಕ್ಯಾಂಪರ್‌ವ್ಯಾನಿನಲ್ಲಿ ಮಲಗುವವರು ಅನುಮತಿಯಿದ್ದ ಜಾಗದಲ್ಲೇ ನಿಲ್ಲಬೇಕು.

ಎಂಟನೇ ದಿನ: ಡನೆಟ್ ಹೆಡ್, ಡಂಕನ್ಸ್‌ಬಿ

ಇವತ್ತು ವೆಟ್‌ಸೂಟ್ ಒಣಗಲಿ. ಬ್ರಿಟನ್ ಮುಖ್ಯನೆಲದ ಉತ್ತರತುದಿ ಬಹಳ ಜನ ತಿಳಿದಂತೆ ಜಾನ್ ಓ ಗ್ರೋಟ್ಸ್ ಎಂಬ ಊರಲ್ಲ, ಡನೆಟ್ ಹೆಡ್. ಅಲ್ಲಿನ ದೀಪಸ್ತಂಭ 1831ರದು. ಎದುರಿನ ಪೆಂಟ್‌ಲೆಂಡ್ ಫರ್ತ್ ಎಂಬ ಜಲಸಂಧಿಯಲ್ಲಿ ಅಟ್ಲಾಂಟಿಕ್ಕಿಗೂ ಉತ್ತರ ಸಮುದ್ರಕ್ಕೂ ಉಬ್ಬರದ ಹೊತ್ತು ಬೇರೆ ಬೇರೆ, ಆ ಎತ್ತರದ ವ್ಯತ್ಯಾಸ ದಿನಕ್ಕೆ ನಾಲ್ಕು ಬಾರಿ ನೀರನ್ನು ಆಚೀಚೆ ದಬ್ಬುತ್ತದೆ. ಹರಿವು 10 ನಾಟ್ ಮೀರುತ್ತದೆ. ಕಯಾಕಿನ ವೇಗ ಮೂರು ನಾಟ್ ಎಂಬುದನ್ನು ಪಕ್ಕದಲ್ಲಿಟ್ಟು ನೋಡಿ. ಪಡುವಣಕ್ಕೆ ಹರಿಯುವ ಹೊತ್ತಿನಲ್ಲಿ ಸೇಂಟ್ ಜಾನ್ಸ್ ಪಾಯಿಂಟ್ ಬಳಿ ‘ಮೆರಿ ಮೆನ್ ಆಫ್ ಮೇ’ ಎಂಬ ನಿಂತ ಅಲೆಗಳ ಸಾಲು ಏಳುತ್ತದೆ, ದಡದಿಂದಲೇ ಬಿಳಿಯಾಗಿ ಕಾಣುತ್ತದೆ. ಸ್ಟ್ರೋಮ ದ್ವೀಪಕ್ಕೂ ನೆಲಕ್ಕೂ ನಡುವಿನ ನೀರಿನ ತಳದಲ್ಲಿ ಮೇಜೆನ್ ಯೋಜನೆಯ ನಾಲ್ಕು ಟರ್ಬೈನ್‌ಗಳು ಇದೇ ಹರಿವಿನಿಂದ ವಿದ್ಯುತ್ ತೆಗೆಯುತ್ತವೆ, ಒಂದೊಂದು 1.5 ಮೆಗಾವ್ಯಾಟ್. ಹಾಗಾಗಿ ಸ್ಟ್ರೋಮ ಹತ್ತಿರ ಕಂಡರೂ ಪ್ಯಾಡಲ್ ಬೋರ್ಡಿನ ಮಾತೇ ಬೇಡ.

ಡಂಕನ್ಸ್‌ಬಿ ಹೆಡ್‌ನಲ್ಲಿ ಗಾಡಿ ಬಿಟ್ಟು ದಕ್ಷಿಣಕ್ಕೆ ಅರ್ಧ ಗಂಟೆ ಬಂಡೆಯಂಚಿನಲ್ಲಿ ನಡೆದರೆ ಮೊನಚಾದ ಕಲ್ಲುಸ್ತಂಭಗಳು ಕಾಣುತ್ತವೆ. ಬೇಲಿಯಾಚೆಯ ಹುಲ್ಲಿನಂಚು ಕೆಳಗೆ ಟೊಳ್ಳಾಗಿರಬಹುದು, ಈಚೆಯೇ ಇರಿ. ಹಿಂದಿರುಗುವಾಗ ನೆಸ್ ಆಫ್ ಡಂಕನ್ಸ್‌ಬಿಯ ಚಿಪ್ಪಿನ ಮರಳಿನಲ್ಲಿ ಗ್ರೋಟಿ ಬಕ್ಕಿ ಹುಡುಕಬಹುದು: ಒಂದು ಸೆಂಟಿಮೀಟರಿನ, ನಸುಗುಲಾಬಿ, ಮೈಮೇಲೆ ಅಡ್ಡಗೆರೆಗಳ ಕವಡೆ. ಇಳಿತದಲ್ಲಿ, ಹಿಂದಿನ ಉಬ್ಬರ ಬಿಟ್ಟುಹೋದ ಒಡೆದ ಚಿಪ್ಪುಗಳ ಸಾಲಿನಲ್ಲಿ ಮಂಡಿಯೂರಿ ಅಂಗೈಯಗಲ ಜಾಗವನ್ನೇ ನಿಧಾನವಾಗಿ ಸರಿಸಿ ನೋಡಬೇಕು. ನಿಂತು ನೋಡಿದರೆ ಕಾಣುವುದಿಲ್ಲ.

ಇಲ್ಲಿಂದ ಇನ್ವರ್‌ನೆಸ್‌ಗೆ ವಿಕ್ ಮೂಲಕ ಕಾರಿನಲ್ಲಿ ಮೂರು ಗಂಟೆ. ಥರ್ಸೊದಿಂದ ರೈಲು ಹಿಡಿದರೆ ನಾಲ್ಕು ಗಂಟೆಯ ಹತ್ತಿರ. ಇನ್ನೊಂದೆರಡು ದಿನ ಇದ್ದವರು ಥರ್ಸೊ ಪಕ್ಕದ ಸ್ಕ್ರಾಬ್‌ಸ್ಟರ್‌ನಿಂದ ಆರ್ಕ್ನಿ ದ್ವೀಪಗಳ ಸ್ಟ್ರಾಮ್‌ನೆಸ್‌ಗೆ ಹೋಗುವ ಹಡಗು ಹತ್ತಬಹುದು. ಒಂದೂವರೆ ಗಂಟೆಯ ಪ್ರಯಾಣ. ಓಲ್ಡ್ ಮ್ಯಾನ್ ಆಫ್ ಹೋಯ್ ಎಂಬ 137 ಮೀಟರಿನ ಕಲ್ಲುಕಂಬ ಹೋಗುವಾಗ ಬಲಗಡೆ ಸಿಗುತ್ತದೆ.